ಬ್ರೈಟ್ಲಿಂಗ್ ನ್ಯಾವಿಟೈಮರ್ 806: ಪೈಲಟ್‌ಗಳ ಲೆಕ್ಕದ ಕೈಗಡಿಯಾರ

ಬ್ರೈಟ್ಲಿಂಗ್ ಕಂಪನಿಯ ಹಳೆಯ ನ್ಯಾವಿಟೈಮರ್ ವಾಚಿನ 806 ಎಂಬ ಮಾದರಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡವರಿಗೆ ಅದರಲ್ಲಿ ಗಂಟೆ ಎಷ್ಟೆಂದು ಥಟ್ಟನೆ ಹೇಳುವುದು ಕಷ್ಟ. ಕಪ್ಪು ಡಯಲ್ಲಿನ ಅಂಚಿನಲ್ಲಿ ಅಂಕಿಗಳ ಒಂದು ಬಳೆ, ಅದಕ್ಕೆ ಒತ್ತಿಕೊಂಡೇ ಒಳಗೆ ಇನ್ನೊಂದು, ಅದರೊಳಗೆ ಸೆಕೆಂಡಿನ ಸಣ್ಣ ಸಣ್ಣ ಗೆರೆಗಳು, ನಡುವೆ ಮೂರು ಪುಟ್ಟ ಡಯಲ್‌ಗಳು. ಇಷ್ಟರ ಮಧ್ಯೆ ಗಂಟೆ ಮತ್ತು ನಿಮಿಷದ ಮುಳ್ಳುಗಳನ್ನು ಕಣ್ಣು ಹುಡುಕಬೇಕಾಗುತ್ತದೆ. ಸಮಯ ತೋರಿಸುವುದೇ ಕೈಗಡಿಯಾರದ ಕೆಲಸವೆಂದು ನಂಬಿದವರಿಗೆ ಇದು ದೊಡ್ಡ ದೋಷವಾಗಿ ಕಾಣುವುದು ಸಹಜ. ಆದರೆ ಈ ವಾಚಿನಲ್ಲಿ ಸಮಯ ತೋರಿಸುವುದು ಎರಡನೆಯ ಕೆಲಸ. ವಿಮಾನ ಎಷ್ಟು ವೇಗದಲ್ಲಿ ಹೋಗುತ್ತಿದೆ, ಇನ್ನೆಷ್ಟು ಹೊತ್ತಿಗೆ ಊರು ಮುಟ್ಟುತ್ತದೆ, ಟ್ಯಾಂಕಿನಲ್ಲಿರುವ ಇಂಧನ ಅಷ್ಟು ಹೊತ್ತು ಬರುತ್ತದೆಯೇ ಎಂಬ ಲೆಕ್ಕಗಳನ್ನು ಎರಡು ಬೆರಳುಗಳಿಂದ ಮಾಡಿ ಮುಗಿಸುವುದು ಅದರ ಮೊದಲ ಕೆಲಸ, ಮತ್ತು ಆ ಕೆಲಸವನ್ನು ಅದು ಇವತ್ತಿಗೂ ಚೊಕ್ಕವಾಗಿ ಮಾಡುತ್ತದೆ.

ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ನನ್ನ ಬಳಿ ಕೆಲವು ವರ್ಷಗಳಿಂದ ಇರುವ, 1960ರ ಆಸುಪಾಸಿನ ಒಂದು ಪ್ರತಿ. ಸ್ಟೀಲ್ ಕೇಸು, ಸುಮಾರು 41 ಮಿಲಿಮೀಟರ್ ಅಗಲ, ಪಟ್ಟಿ ಕೂರುವ ಜಾಗ 22 ಮಿಲಿಮೀಟರ್. ಡಯಲ್ ಪೂರ್ತಿ ಕಪ್ಪು, ಅದರೊಳಗಿನ ಮೂರು ಪುಟ್ಟ ಡಯಲ್‌ಗಳೂ ಕಪ್ಪೇ. ಬಿಳಿಯ ಪುಟ್ಟ ಡಯಲ್‌ಗಳು ಬಂದದ್ದು 1963ರ ಹೊತ್ತಿಗೆ. ಗಾಜಿನ ಸುತ್ತ ತಿರುಗುವ ಬಳೆಯಾದ ಬೆಜೆಲ್‌ನ ಅಂಚಿನಲ್ಲಿ ರಾಗಿಕಾಳು ಪೋಣಿಸಿದಂತೆ ಪುಟ್ಟ ಉಕ್ಕಿನ ಮಣಿಗಳ ಸಾಲಿದೆ, ಮತ್ತು ಅದು ಅಲಂಕಾರಕ್ಕಾಗಿ ಇಟ್ಟದ್ದಲ್ಲ: ಬೆರಳಿನ ತುದಿಗೆ ಆ ಮಣಿಗಳು ಎಷ್ಟು ಚೆನ್ನಾಗಿ ಕಚ್ಚಿಕೊಳ್ಳುತ್ತವೆಂದರೆ ಬೆವರಿದ ಕೈಯಲ್ಲೂ ಬೆಜೆಲ್ ಜಾರುವುದಿಲ್ಲ. 1960ರ ದಶಕದ ನಡುವಿನಲ್ಲಿ ಕಂಪನಿ ಈ ಮಣಿಗಳನ್ನು ಬಿಟ್ಟು ನಾಣ್ಯದ ಅಂಚಿನಂಥ ಗೀರುಗಳಿಗೆ ಹೋಯಿತು. ಎರಡನ್ನೂ ತಿರುಗಿಸಿ ನೋಡಿದವನಾಗಿ ಮಣಿಗಳೇ ಮೇಲು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ತಯಾರಕರ ಪರಂಪರೆಯ ಬಗ್ಗೆ ಜಾಹೀರಾತುಗಳು ಹೇಳುವುದಕ್ಕಿಂತ ನಿಜವಾದ ಕಥೆಯೇ ಹೆಚ್ಚು ಸ್ವಾರಸ್ಯಕರವಾಗಿದೆ. ಲೆಯೋನ್ ಬ್ರೈಟ್ಲಿಂಗ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಸೀಮೆಯ ಸ್ಯಾಂತ್ ಇಮಿಯೇ ಎಂಬ ಊರಿನಲ್ಲಿ ಕಾರ್ಯಾಗಾರ ತೆರೆದು, 1892ರಲ್ಲಿ ಅದನ್ನು ಗಡಿಯಾರ ಉದ್ಯಮದ ಕೇಂದ್ರವೇ ಆಗಿದ್ದ ಲಾ ಶೋ-ದ-ಫೋನ್‌ಗೆ ಸಾಗಿಸಿದ. ಆರಂಭದಿಂದಲೂ ಈ ಮನೆತನದ ಆಸಕ್ತಿ ಇದ್ದದ್ದು ಒಂದೇ ವಸ್ತುವಿನಲ್ಲಿ, ಅಂದರೆ ಕಾಲವನ್ನು ತೋರಿಸುವುದರ ಜೊತೆಗೆ ಬೇಕಾದಾಗ ಅಳೆದೂ ಕೊಡುವ ಕ್ರೋನೋಗ್ರಾಫ್‌ನಲ್ಲಿ. ಆಗಿನ ಕ್ರೋನೋಗ್ರಾಫ್‌ಗಳಲ್ಲಿ ಮುಳ್ಳನ್ನು ಓಡಿಸುವುದು, ನಿಲ್ಲಿಸುವುದು, ಸೊನ್ನೆಗೆ ತರುವುದು ಮೂರೂ ಕೀ ಕೊಡುವ ಗುಂಡಿಯಿಂದಲೇ ಸರದಿಯಂತೆ ನಡೆಯುತ್ತಿದ್ದವು. ಲೆಯೋನ್ 1914ರಲ್ಲಿ ತೀರಿಕೊಂಡ ಮೇಲೆ ಹೊಣೆ ಹೊತ್ತ ಮಗ ಗ್ಯಾಸ್ಟನ್, 1915ರಲ್ಲಿ 2 ಗಂಟೆಯ ಜಾಗದಲ್ಲಿ ಪ್ರತ್ಯೇಕ ಒತ್ತುಗುಂಡಿ ಇರುವ ಕೈಗಡಿಯಾರ ಮಾಡಿದ. 1923ರಲ್ಲಿ ಓಡಿಸುವ, ನಿಲ್ಲಿಸುವ ಕೆಲಸವನ್ನು ಆ ಗುಂಡಿಗೆ ವಹಿಸಿ, ಸೊನ್ನೆಗೆ ತರುವ ಕೆಲಸವನ್ನು ಮಾತ್ರ ಕೀಲಿಗುಂಡಿಯಲ್ಲಿ ಉಳಿಸಿದ. ಮೂರನೆಯ ತಲೆಮಾರಿನ ವಿಲ್ಲಿ ಬ್ರೈಟ್ಲಿಂಗ್ 1932ರಲ್ಲಿ ಕಂಪನಿಯ ಚುಕ್ಕಾಣಿ ಹಿಡಿದು, 1934ರಲ್ಲಿ ಸೊನ್ನೆಗೆ ತರುವುದಕ್ಕೆಂದೇ 4 ಗಂಟೆಯ ಜಾಗದಲ್ಲಿ ಎರಡನೆಯ ಗುಂಡಿಯನ್ನು ಕೂರಿಸಿದ. ಇಂದು ಜಗತ್ತಿನ ಬಹುಪಾಲು ಕ್ರೋನೋಗ್ರಾಫ್‌ಗಳಲ್ಲಿ ನಾವು ನೋಡುವ ವಿನ್ಯಾಸ ಇದೇ.

ಒಂದು ಗುಂಡಿ ಹೆಚ್ಚಾದರೆ ಏನಾಯಿತು ಎಂದು ಕೇಳಬಹುದು. ಮೂರು ಕೆಲಸಗಳೂ ಒಂದೇ ಗುಂಡಿಗೆ ಸರದಿಯಲ್ಲಿ ಕಟ್ಟಿಹಾಕಿದ್ದಾಗ, ನಿಲ್ಲಿಸಿದ ಮುಳ್ಳನ್ನು ಸೊನ್ನೆಗೆ ತಾರದೆ ಮತ್ತೆ ಓಡಿಸುವ ದಾರಿಯೇ ಇರಲಿಲ್ಲ. ಗುಂಡಿಗಳು ಬೇರೆಯಾದ ಮೇಲೆ ಅಳತೆಯನ್ನು ನಡುವೆ ತಡೆದು, ಬಿಟ್ಟಲ್ಲಿಂದ ಮುಂದುವರಿಸಿ, ಒಟ್ಟು ಮೊತ್ತವನ್ನು ಪಡೆಯುವುದು ಸಾಧ್ಯವಾಯಿತು. ಹಾರಾಟದ ಹೊತ್ತನ್ನು ತುಂಡುತುಂಡಾಗಿ ಕೂಡಿಸಬೇಕಾದ ಪೈಲಟ್‌ಗೆ ಇದು ದಿನನಿತ್ಯದ ಅಗತ್ಯ. 1938ರಲ್ಲಿ ವಿಲ್ಲಿ ವಿಮಾನದ ಕಾಕ್‌ಪಿಟ್ ಗಡಿಯಾರಗಳಿಗೆಂದೇ ‘ಯುಯಿಟ್ ಏವಿಯೇಷನ್’ ಎಂಬ ವಿಭಾಗ ತೆರೆದ. ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ಆ ಗಡಿಯಾರಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ವಿಮಾನಗಳಿಗೂ ಹೋದವು. ಇದೇ ಅವಧಿಯಲ್ಲಿ, 1940ರ ದಶಕದ ಆರಂಭದಲ್ಲಿ, ಡಯಲ್ಲಿನ ಸುತ್ತ ವೃತ್ತಾಕಾರದ ಸ್ಲೈಡ್ ರೂಲ್, ಅಂದರೆ ಅಂಕಿಗಳನ್ನು ಸರಿಸಿ ಲೆಕ್ಕ ಮಾಡುವ ಪಟ್ಟಿ, ಇದ್ದ ‘ಕ್ರೋನೋಮ್ಯಾಟ್’ ಬಂತು; ಅದು ಎಂಜಿನಿಯರುಗಳನ್ನೂ ಗಣಿತದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಾಚು. ಒಂದು ಕಡೆ ವಿಮಾನದ ಉಪಕರಣಗಳ ಅನುಭವ, ಇನ್ನೊಂದು ಕಡೆ ಲೆಕ್ಕ ಮಾಡುವ ಡಯಲ್. ನ್ಯಾವಿಟೈಮರ್ ಹುಟ್ಟಿದ್ದು ಇವೆರಡೂ ಒಂದಾದ ಜಾಗದಲ್ಲಿ.

ಒಂದಾಗುವುದಕ್ಕೆ ನಿಮಿತ್ತವಾದದ್ದು ಅಮೆರಿಕದ ಒಂದು ಸಂಘ. ಸ್ವಂತ ವಿಮಾನ ಇಟ್ಟುಕೊಂಡವರು ಮತ್ತು ಹವ್ಯಾಸಿ ಪೈಲಟ್‌ಗಳು 1939ರಲ್ಲಿ ಕಟ್ಟಿಕೊಂಡ ಎಒಪಿಎ ಎಂಬ ಆ ಸಂಘಕ್ಕೆ ತನ್ನ ಸದಸ್ಯರಿಗಾಗಿ ಒಂದು ಅಧಿಕೃತ ಕೈಗಡಿಯಾರ ಬೇಕಿತ್ತು. ನ್ಯಾವಿಗೇಷನ್ ಮತ್ತು ಟೈಮರ್ ಎರಡನ್ನೂ ಬೆಸೆದ ಹೆಸರಿನ ಈ ವಾಚಿನ ಹುಟ್ಟುವರ್ಷ 1952 ಎಂದು ಕಂಪನಿ ಹೇಳುತ್ತದೆ. ಸಂಗ್ರಾಹಕರು ಸೀರಿಯಲ್ ಸಂಖ್ಯೆಗಳನ್ನು ಜೋಡಿಸಿ ನೋಡಿ, ಉಳಿದುಬಂದಿರುವ ಮೊದಲ ಪ್ರತಿಗಳು 1954ರ ಹೊತ್ತಿನವು ಎನ್ನುತ್ತಾರೆ. ಆ ಮೊದಲ ಪ್ರತಿಗಳಲ್ಲಿ ವಾಲ್ಜೂ ಎಂಬ ಬೇರೆ ಕಂಪನಿಯ 72 ಎಂಬ ಯಂತ್ರವಿತ್ತು, ಕೇಸಿನ ಮೇಲೆ 806 ಎಂಬ ಸಂಖ್ಯೆಯೂ ಇರಲಿಲ್ಲ. ಸಂಘದ ಸದಸ್ಯರಿಗಾಗಿ ಮಾಡಿದ ವಾಚುಗಳ ಡಯಲ್ಲಿನಲ್ಲಿ ರೆಕ್ಕೆ ಬಿಚ್ಚಿದ ಎಒಪಿಎ ಲಾಂಛನವೇ ರಾರಾಜಿಸುತ್ತಿತ್ತು, ಆರಂಭದಲ್ಲಿ ಬ್ರೈಟ್ಲಿಂಗ್ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ತನ್ನ ಹೆಸರನ್ನು ಬದಿಗಿಟ್ಟು ಗ್ರಾಹಕರ ಗುರುತನ್ನು ಮುಂದಿಟ್ಟ ಆ ಕಂಪನಿಗೂ, ಇಂದು ಡಯಲ್, ಬಕಲ್, ಪಟ್ಟಿ ಎಲ್ಲದರ ಮೇಲೂ ತನ್ನ ಹೆಸರು ಒತ್ತುವ ಐಷಾರಾಮಿ ಬ್ರಾಂಡುಗಳ ಜಗತ್ತಿಗೂ ಎಷ್ಟು ದೂರ ಎಂಬುದನ್ನು ಗಮನಿಸಬೇಕು.

ಇನ್ನು ಸ್ಲೈಡ್ ರೂಲಿನ ಮಾತು. ಕ್ಯಾಲ್ಕುಲೇಟರ್ ಬರುವುದಕ್ಕೆ ಮುಂಚೆ ಎಂಜಿನಿಯರಿಂಗ್ ಓದಿದವರ ಮನೆಯ ಅಟ್ಟದಲ್ಲಿ ಉದ್ದನೆಯ ಸ್ಲೈಡ್ ರೂಲ್ ಇನ್ನೂ ಇದ್ದೀತು. ಅದನ್ನೇ ಬಗ್ಗಿಸಿ ವೃತ್ತ ಮಾಡಿದರೆ ನ್ಯಾವಿಟೈಮರ್‌ನ ಅಂಚು ಸಿಗುತ್ತದೆ. ಅಂಕಿಗಳನ್ನು ಇಲ್ಲಿ ಸಮ ಅಂತರದಲ್ಲಿ ಬರೆದಿಲ್ಲ, ಲಾಗರಿದಮ್‌ನ ಅಂತರದಲ್ಲಿ ಬರೆದಿದ್ದಾರೆ. 10ರಿಂದ 20ಕ್ಕೆ ಎಷ್ಟು ದೂರವೋ 20ರಿಂದ 40ಕ್ಕೂ ಅಷ್ಟೇ ದೂರ, 40ರಿಂದ 80ಕ್ಕೂ ಅಷ್ಟೇ. ಹೀಗಾಗಿ ಹೊರಗಿನ ಬಳೆಯನ್ನು ತಿರುಗಿಸಿ ಒಳಗಿನ ಒಂದು ಅಂಕಿಯ ಎದುರಿಗೆ ಹೊರಗಿನ ಒಂದು ಅಂಕಿಯನ್ನು ನಿಲ್ಲಿಸಿದಿರೆಂದರೆ, ಆ ಎರಡರ ನಡುವಿನ ಅನುಪಾತವೇ ಇಡೀ ವೃತ್ತದುದ್ದಕ್ಕೂ ಎದುರುಬದುರು ನಿಂತ ಪ್ರತಿಯೊಂದು ಜೋಡಿಯಲ್ಲೂ ಇರುತ್ತದೆ. ಗುಣಾಕಾರ, ಭಾಗಾಕಾರ, ತ್ರೈರಾಶಿ ಎಲ್ಲವೂ ಈ ಒಂದು ಗುಣದಿಂದ ಹೊಮ್ಮುತ್ತವೆ. ಅಮೆರಿಕದ ಫಿಲಿಪ್ ಡಾಲ್ಟನ್ 1930ರ ದಶಕದಲ್ಲಿ ರೂಪಿಸಿದ, ಇಂದಿಗೂ ಪೈಲಟ್ ತರಬೇತಿಯಲ್ಲಿ ಕಾಣಸಿಗುವ ಇ6ಬಿ ಎಂಬ ತಟ್ಟೆಯ ಒಂದು ಬದಿಯಲ್ಲಿರುವುದೂ ಇದೇ ಲೆಕ್ಕ. ಆ ತಟ್ಟೆಯ ಇನ್ನೊಂದು ಬದಿಯಲ್ಲಿ ಗಾಳಿಯ ದಿಕ್ಕು ಮತ್ತು ವೇಗವನ್ನು ಹೊಂದಿಸುವ ಲೆಕ್ಕವಿದೆ. ಅದನ್ನು ಕೈಗಡಿಯಾರದ ಮೇಲೆ ಮಾಡಲಾಗದು.

ಒಂದು ಉದಾಹರಣೆಯಿಂದ ಇಡೀ ವಾಚಿನ ಮರ್ಮ ಹಿಡಿಯಬಹುದು. ಪೈಲಟ್ ಕೆಳಗೆ ನೋಡುತ್ತಾನೆ: ಒಂದು ರೈಲ್ವೆ ಸೇತುವೆ ಕಾಲಕೆಳಗೆ ಬಂತು, ಗುಂಡಿ ಒತ್ತಿ ಕ್ರೋನೋಗ್ರಾಫ್ ಓಡಿಸಿದ. ನಕ್ಷೆಯ ಪ್ರಕಾರ ಅಲ್ಲಿಂದ 12 ಮೈಲಿ ದೂರದಲ್ಲಿರುವ ಕೆರೆಯ ಏರಿ ಬಂದಾಗ ನಿಲ್ಲಿಸಿದ. 3 ಗಂಟೆಯ ಜಾಗದ ಪುಟ್ಟ ಡಯಲ್ 5 ನಿಮಿಷ ಎನ್ನುತ್ತಿದೆ. ಈಗ ಹೊರ ಬಳೆಯ 12 ಅನ್ನು ಒಳ ಬಳೆಯ 50ರ ಎದುರಿಗೆ ತರಬೇಕು. ಈ ಲೆಕ್ಕದಲ್ಲಿ 50 ಎಂದರೆ 5. ಬಳಿಕ ಒಳ ಬಳೆಯಲ್ಲಿ ಕೆಂಪಕ್ಷರದ ‘ಎಂಪಿಎಚ್’ (ಗಂಟೆಗೆ ಮೈಲಿ) ಗುರುತು ಇರುವ 60ರ ಎದುರಿಗೆ ನೋಡಿದರೆ 14ನ್ನು ದಾಟಿ ಅರ್ಧಕ್ಕೆ ಸ್ವಲ್ಪ ಮೊದಲು, 14.4ರಲ್ಲಿ ಗೆರೆ ಕೂತಿರುತ್ತದೆ. ವೇಗ ಗಂಟೆಗೆ 144 ಮೈಲಿ. ಬೆಜೆಲ್ ಅನ್ನು ಕದಲಿಸದೆ ಬಿಟ್ಟರೆ ಮುಂದಿನ ಪ್ರಶ್ನೆಗೂ ಉತ್ತರ ಅಲ್ಲಿಯೇ ಸಿದ್ಧವಾಗಿದೆ: ಇಳಿಯಬೇಕಾದ ಊರು 72 ಮೈಲಿ ಇದ್ದರೆ ಹೊರಗಿನ 72ರ ಎದುರಿಗೆ ಒಳಗೆ 30 ಇದೆ, ಅಂದರೆ ಅರ್ಧ ಗಂಟೆ. ಎಂಜಿನ್ ಗಂಟೆಗೆ 12 ಗ್ಯಾಲನ್ ಕುಡಿಯುತ್ತದೆ ಎಂದಾದರೆ 12 ಅನ್ನು 60ರ ಎದುರಿಗಿಟ್ಟು, ಟ್ಯಾಂಕಿನ 30 ಗ್ಯಾಲನ್ ಎದುರಿಗೆ 15 ಅನ್ನು ಓದಿ, ಅದನ್ನು 150 ನಿಮಿಷವೆಂದು ತಿಳಿದುಕೊಳ್ಳಬೇಕು. ದಶಮಾಂಶದ ಸ್ಥಾನ ಎಲ್ಲಿ ಎಂಬುದನ್ನು ಮಾತ್ರ ವಾಚು ಹೇಳುವುದಿಲ್ಲ; ಅದು ತಲೆಯಲ್ಲಿರಬೇಕು. ಕ್ರೋನೋಗ್ರಾಫ್ ಅಳೆದದ್ದನ್ನು ಸ್ಲೈಡ್ ರೂಲ್ ತಕ್ಷಣ ಎತ್ತಿಕೊಂಡು ಲೆಕ್ಕ ಮಾಡುತ್ತದೆ ಎಂಬುದೇ ಈ ವಿನ್ಯಾಸದ ಜೀವಾಳ, ಮತ್ತು ಸ್ಲೈಡ್ ರೂಲನ್ನು ಬರೀ ಅಂದಕ್ಕೆ ಅಂಟಿಸಿಕೊಂಡ ನೂರಾರು ವಾಚುಗಳಿಂದ ಇದನ್ನು ಬೇರೆ ಮಾಡುವುದೂ ಇದೇ.

ಒಳ ಬಳೆಯ ಮೇಲೆ ‘ನಾಟ್’, ‘ಸ್ಟ್ಯಾಟ್’, ‘ಕೆಎಂ’ ಎಂಬ ಇನ್ನೂ ಮೂರು ಗುರುತುಗಳಿವೆ. ಅವು ಕ್ರಮವಾಗಿ 33, 38, 61ರ ಬಳಿ ಇವೆ; ನಾಟಿಕಲ್ ಮೈಲಿ, ನೆಲದ ಮೈಲಿ ಮತ್ತು ಕಿಲೋಮೀಟರ್‌ಗಳ ಅನುಪಾತವೇ ಅದು. ಹೊರಗಿನ 10 ಅನ್ನು ‘ನಾಟ್’ ಎದುರಿಗೆ ತಂದರೆ ‘ಸ್ಟ್ಯಾಟ್’ ಎದುರಿಗೆ 11.5, ‘ಕೆಎಂ’ ಎದುರಿಗೆ 18.5 ಬರುತ್ತದೆ: 100 ನಾಟಿಕಲ್ ಮೈಲಿ ಎಂದರೆ 115 ಮೈಲಿ, 185 ಕಿಲೋಮೀಟರ್. ವಿಮಾನ ಓಡಿಸದ ನನ್ನಂಥವರೂ ಇದನ್ನು ನೆಲದ ಮೇಲೆ ಬಳಸಬಹುದು. ಹೊರಗಿನ 11.8 ಅನ್ನು ಒಳಗಿನ 10ರ ಎದುರಿಗೆ ನಿಲ್ಲಿಸಿಬಿಟ್ಟರೆ ಶೇಕಡಾ 18ರ ಜಿಎಸ್‌ಟಿ ಕೋಷ್ಟಕವೇ ಮಣಿಕಟ್ಟಿನ ಮೇಲೆ ಸಿದ್ಧ. ಒಳಗೆ 50 ಓದಿದರೆ ಹೊರಗೆ 59, ಐನೂರು ರೂಪಾಯಿಯ ಬಿಲ್ಲು ಐನೂರ ತೊಂಬತ್ತು. ಹೋಟೆಲು, ಅಂಗಡಿಗಳಲ್ಲಿ ನಾನು ಹೀಗೆ ಬೆಜೆಲ್ ತಿರುಗಿಸುತ್ತ ಕೂತಿದ್ದನ್ನು ನೋಡಿ ಜೊತೆಗಿದ್ದವರು ಫೋನಿನಲ್ಲಿ ಲೆಕ್ಕ ಮುಗಿಸಿ ಕಾಯುತ್ತಿರುತ್ತಾರೆ ಎಂಬುದು ಬೇರೆ ಮಾತು. ಅಕ್ಷರಗಳು ತೀರ ಸಣ್ಣವು. ನಲವತ್ತು ದಾಟಿದವರು ಕನ್ನಡಕವಿಲ್ಲದೆ ಎರಡನೆಯ ದಶಮಾಂಶದ ಆಸೆ ಇಟ್ಟುಕೊಳ್ಳಬಾರದು.

ಒಳಗಿನ ಯಂತ್ರದ ವಿಷಯದಲ್ಲಿ ಪರಂಪರೆಯ ಕಥೆಗಳು ಸಾಮಾನ್ಯವಾಗಿ ದನಿ ತಗ್ಗಿಸುತ್ತವೆ, ಏಕೆಂದರೆ ಅದು ಬ್ರೈಟ್ಲಿಂಗ್ ಮಾಡಿದ್ದಲ್ಲ. 806ರ ಎದೆಯಲ್ಲಿರುವುದು ಸ್ವಿಟ್ಜರ್ಲೆಂಡಿನ ಮುಟಿಯೇ ಊರಿನ ವೀನಸ್ ಕಾರ್ಖಾನೆಯ 178ನೇ ಕ್ಯಾಲಿಬರ್, ಅಂದರೆ ಯಂತ್ರದ ಮಾದರಿ. ಆ ಕಾಲದ ಸ್ವಿಸ್ ಉದ್ಯಮದಲ್ಲಿ ಯಂತ್ರ ಒಬ್ಬರದು, ಕೇಸು ಇನ್ನೊಬ್ಬರದು, ಡಯಲ್ ಮತ್ತೊಬ್ಬರದು, ಹೆಸರು ಮಗದೊಬ್ಬರದು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ವೀನಸ್ 178 ಕೀ ಕೊಟ್ಟು ನಡೆಸುವ, ಸವೆತ ತಡೆಯುವ 17 ಜುವೆಲ್‌ಗಳ (ಹರಳುಗಳ) ಯಂತ್ರ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಆದ್ದರಿಂದಲೇ ಸೆಕೆಂಡಿನ ಐದನೆಯ ಒಂದು ಭಾಗದವರೆಗೆ ಮಾತ್ರ ಅದು ಅಳೆಯಬಲ್ಲದು. ಹಿಂಬದಿಯ ಮುಚ್ಚಳ ತೆಗೆಸಿ ಭೂತಗನ್ನಡಿಯಲ್ಲಿ ನೋಡಿದರೆ, ಪುಟ್ಟ ಕಂಬಗಳನ್ನು ವೃತ್ತವಾಗಿ ನಿಲ್ಲಿಸಿದ ಚಕ್ರವೊಂದು ಓಡಿಸುವ, ನಿಲ್ಲಿಸುವ ಗುಂಡಿ ಒತ್ತಿದಾಗಲೆಲ್ಲ ಒಂದೊಂದು ಹೆಜ್ಜೆ ತಿರುಗುವುದು ಕಾಣುತ್ತದೆ. ಸನ್ನೆಯ ಮೂತಿ ಎರಡು ಕಂಬಗಳ ನಡುವಿನ ಸಂದಿಗೆ ಬಿದ್ದರೆ ಕ್ರೋನೋಗ್ರಾಫ್ ಓಡುತ್ತದೆ, ಕಂಬದ ಮೇಲೇರಿದರೆ ನಿಲ್ಲುತ್ತದೆ. ತಗಡಿನ ಕ್ಯಾಮ್ ಬಳಸುವ ಅಗ್ಗದ ಯಂತ್ರಗಳಿಗಿಂತ ಇದರ ಗುಂಡಿ ಮೆದುವಾಗಿರಲು ಈ ಕಂಬಚಕ್ರವೇ ಕಾರಣ. ಓಡಿಸಿದ ಕ್ಷಣದಲ್ಲಿ ಸೆಕೆಂಡಿನ ಉದ್ದನೆಯ ಮುಳ್ಳು ಒಮ್ಮೊಮ್ಮೆ ಸಣ್ಣಗೆ ಜಿಗಿಯುತ್ತದೆ; ಹಲ್ಲಿಗೆ ಹಲ್ಲು ಪಕ್ಕದಿಂದ ಬಂದು ಕೂಡುವ ರಚನೆಯಲ್ಲಿ ಅದು ಸ್ವಾಭಾವಿಕ, ರೋಗವಲ್ಲ.

ವೀನಸ್ ಬಗ್ಗೆ ಇನ್ನೊಂದು ಮಾತನ್ನು ಸೇರಿಸಲೇಬೇಕು. 178ರ ಸೋದರಯಂತ್ರವಾದ, ಗಂಟೆಯ ಲೆಕ್ಕವಿಲ್ಲದ 175ರ ತಯಾರಿಕಾ ಸಾಮಗ್ರಿಯನ್ನು ಕಂಪನಿ 1961ರಲ್ಲಿ ಚೀನಾಕ್ಕೆ ಮಾರಿತು. ಟಿಯಾಂಜಿನ್‌ನಲ್ಲಿ ಅದರಿಂದ ಅಲ್ಲಿನ ವಾಯುಪಡೆಗೆ ಕ್ರೋನೋಗ್ರಾಫ್ ತಯಾರಾಯಿತು. ಇಂದು ಸೀಗಲ್ ಎಸ್‌ಟಿ19 ಎಂದು ಕೆಲವು ಸಾವಿರ ರೂಪಾಯಿಗಳ ವಾಚುಗಳಲ್ಲಿ ಸಿಗುವ ಯಂತ್ರ ಅದೇ ವಂಶದ್ದು. ವೀನಸ್ ಸ್ವತಃ 1966ರಲ್ಲಿ ವಾಲ್ಜೂ ಕಂಪನಿಯಲ್ಲಿ ವಿಲೀನವಾಗಿ ಕಣ್ಮರೆಯಾಯಿತು. ಲಕ್ಷಗಟ್ಟಲೆ ಕೊಟ್ಟು 806 ಕೊಳ್ಳುವ ಮೊದಲು ಕಂಬಚಕ್ರದ ಗುಂಡಿ ಬೆರಳಿಗೆ ಹೇಗಿರುತ್ತದೆ ಎಂದು ತಿಳಿಯಬೇಕೆನ್ನುವವರು ಒಂದು ಸೀಗಲ್ ಕೊಂಡು ಒತ್ತಿ ನೋಡುವುದು ಬುದ್ಧಿವಂತಿಕೆ.

ದಿನಬಳಕೆಯ ಅನುಭವ ಮಿಶ್ರವಾದದ್ದು. ಎಚ್‌ಎಂಟಿ ಪೈಲಟ್‌ಗೆ ಬೆಳಿಗ್ಗೆ ಎದ್ದು ಕೀ ಕೊಟ್ಟು ರೂಢಿಯಿರುವ ನಮ್ಮವರಿಗೆ ಈ ವಾಚಿನ ಕೀಲಿಗುಂಡಿ ಹೊಸದೆನಿಸುವುದಿಲ್ಲ. ಜಾಲಹಳ್ಳಿಯ ಆ ವಾಚು ಹೆಸರಿನಲ್ಲಿ ಪೈಲಟ್ ಆದರೂ ಕ್ರೋನೋಗ್ರಾಫ್ ಅಲ್ಲ, ಆದರೆ ಕಪ್ಪು ಡಯಲ್ಲಿನಲ್ಲಿ ಗಂಟೆ ತೋರಿಸುವ ಸ್ಪಷ್ಟತೆಯಲ್ಲಿ ಅದು ನ್ಯಾವಿಟೈಮರ್ ಅನ್ನು ನಿಸ್ಸಂದೇಹವಾಗಿ ಮೀರಿಸುತ್ತದೆ. 806 ಮಣಿಕಟ್ಟಿನ ಮೇಲೆ ತೆಳ್ಳಗೆ, ಹಗುರಾಗಿ ಕೂರುತ್ತದೆ. ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ಇಂದಿನ ದಪ್ಪನೆಯ ಆಟೊಮ್ಯಾಟಿಕ್ ಕ್ರೋನೋಗ್ರಾಫ್‌ಗಳಂತೆ ಅಂಗಿಯ ತೋಳಿಗೆ ಸಿಕ್ಕಿಕೊಳ್ಳುವುದಿಲ್ಲ. ಗಾಜು ಅಕ್ರಿಲಿಕ್, ಗೀರು ಬೇಗ ಬೀಳುತ್ತದೆ, ಅಷ್ಟೇ ಬೇಗ ಪಾಲಿಷ್‌ನಿಂದ ಹೋಗುತ್ತದೆ. ನೀರು ಮಾತ್ರ ಇದರ ಪರಮಶತ್ರು. ತಿರುಗುವ ಬೆಜೆಲ್ ಮತ್ತು ಎರಡು ಒತ್ತುಗುಂಡಿಗಳಿರುವ, ಅರವತ್ತು ವರ್ಷ ಮೀರಿದ ಕೇಸಿನಿಂದ ಯಾವ ರಕ್ಷಣೆಯನ್ನೂ ನಿರೀಕ್ಷಿಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನದು ಪೆಟ್ಟಿಗೆಯಲ್ಲಿರುತ್ತದೆ. ಮಂಗಳೂರು, ಉಡುಪಿ ಕಡೆಯವರು ಈ ಅವಧಿಯನ್ನು ಇನ್ನೂ ಹಿಗ್ಗಿಸುವುದು ಒಳ್ಳೆಯದು.

ನೀರಿನಿಂದ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. ಅಮೆರಿಕದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಬಾಹ್ಯಾಕಾಶದಲ್ಲಿ ಹಗಲಿರುಳಿನ ಗೊಂದಲ ತಪ್ಪಲೆಂದು 24 ಗಂಟೆಯ ಡಯಲ್ ಇರುವ ನ್ಯಾವಿಟೈಮರ್ ಕೇಳಿದ. ‘ಕಾಸ್ಮೊನಾಟ್’ ಎಂಬ ಹೆಸರು ಪಡೆದ, 809 ಸಂಖ್ಯೆಯ ಆ ವಾಚನ್ನು ಕಟ್ಟಿಕೊಂಡು 1962ರ ಮೇ 24ರಂದು ಅರೋರಾ 7 ನೌಕೆಯಲ್ಲಿ ಭೂಮಿಯನ್ನು ಮೂರು ಸುತ್ತು ಹಾಕಿದ. ನೌಕೆ ಗೊತ್ತುಪಡಿಸಿದ ಜಾಗವನ್ನು ಸುಮಾರು 400 ಕಿಲೋಮೀಟರ್ ದಾಟಿ ಸಮುದ್ರಕ್ಕೆ ಬಿತ್ತು. ಆತ ನೀರಿನ ಮೇಲೆ ತೆಪ್ಪದಲ್ಲಿ ಕಾಯುತ್ತ ಕೂರಬೇಕಾಯಿತು, ಉಪ್ಪುನೀರು ವಾಚಿನೊಳಗೆ ಹೊಕ್ಕು ಅದನ್ನು ಹಾಳುಮಾಡಿತು. ಕಂಪನಿ ಅವನಿಗೆ ಬೇರೆ ವಾಚು ಕೊಟ್ಟಿತು. ತುಕ್ಕು ತಿಂದ ಮೂಲ ವಾಚನ್ನು ದುರಸ್ತಿ ಮಾಡದೆ ಇಟ್ಟುಕೊಂಡು 2022ರಲ್ಲಿ ಸಾರ್ವಜನಿಕರಿಗೆ ತೋರಿಸಿತು. ಮಾರುವವರು ಈ ಕಥೆಯನ್ನು 806ಕ್ಕೂ ತಳುಕು ಹಾಕಿ ಬೆಲೆ ಏರಿಸುವುದುಂಟು. ಬಾಹ್ಯಾಕಾಶಕ್ಕೆ ಹೋದದ್ದು 809 ಎಂಬುದನ್ನು ನೆನಪಿಟ್ಟುಕೊಂಡರೆ ಆ ಮಾತಿಗೆ ಹಣ ತೆರುವುದು ತಪ್ಪುತ್ತದೆ.

ಕಂಪನಿ ಹೇಳಿಕೊಳ್ಳುವ ‘1884ರಿಂದ’ ಎಂಬ ಮಾತನ್ನೂ ಸ್ವಲ್ಪ ತಡೆದು ಓದಬೇಕು. ಬ್ರೈಟ್ಲಿಂಗ್ 1969ರಲ್ಲಿ ಹೊಯರ್, ಹ್ಯಾಮಿಲ್ಟನ್-ಬ್ಯೂರೆನ್ ಮತ್ತು ಡುಬುವಾ-ಡೆಪ್ರಾಜ್ ಕಂಪನಿಗಳ ಜೊತೆ ಸೇರಿ ಮೊದಲ ಆಟೊಮ್ಯಾಟಿಕ್ ಕ್ರೋನೋಗ್ರಾಫ್‌ಗಳಲ್ಲಿ ಒಂದನ್ನು ಹೊರತಂದಿತು. ಆದರೆ ಬ್ಯಾಟರಿಯಿಂದ ನಡೆಯುವ ಜಪಾನಿನ ಕ್ವಾರ್ಟ್ಜ್ ವಾಚುಗಳ ಪ್ರವಾಹವೂ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರೂ ಒಟ್ಟಿಗೇ ಬಂದಾಗ, ಗಡಿಯಾರವೂ ಸ್ಲೈಡ್ ರೂಲೂ ಆಗಿದ್ದ ನ್ಯಾವಿಟೈಮರ್‌ಗೆ ಬಿದ್ದದ್ದು ಎರಡು ಪೆಟ್ಟು. ಕಾಯಿಲೆ ಬಿದ್ದಿದ್ದ ವಿಲ್ಲಿ ಕಾರ್ಖಾನೆ ಮುಚ್ಚಿದ. ಅರ್ನೆಸ್ಟ್ ಷ್ನೈಡರ್ ಎಂಬ ಉದ್ಯಮಿ 1979ರಲ್ಲಿ ಬ್ರೈಟ್ಲಿಂಗ್ ಹೆಸರನ್ನು ಕೊಂಡು, ಗ್ರೆಂಚೆನ್ ಎಂಬ ಬೇರೆ ಊರಿನಲ್ಲಿ ಹೊಸದಾಗಿ ಆರಂಭಿಸಿದ. ಅದೇ ವರ್ಷ ವಿಲ್ಲಿ ತೀರಿಕೊಂಡ. ನ್ಯಾವಿಟೈಮರ್‌ನ ಉಳಿದ ಬಿಡಿಭಾಗಗಳಲ್ಲಿ ಒಂದು ಪಾಲು ಫ್ರಾಂಕ್‌ಫರ್ಟಿನ ಹೆಲ್ಮುಟ್ ಸಿನ್ ಕೈ ಸೇರಿತು. ಸ್ವತಃ ಪೈಲಟ್ ಆಗಿದ್ದ ಸಿನ್ ಅದೇ ಮುಖದ ವಾಚನ್ನು 903 ಎಂಬ ಸಂಖ್ಯೆಯಲ್ಲಿ ಮಾರಿದ, ಅವನ ಕಂಪನಿಯ ಪಟ್ಟಿಯಲ್ಲಿ ಆ ಸಂಖ್ಯೆ ಇಂದಿಗೂ ಉಳಿದಿದೆ. ಹೆಸರು ಒಂದು ಕಡೆ ಹೋಯಿತು, ಬಿಡಿಭಾಗ ಇನ್ನೊಂದು ಕಡೆ. ಪರಂಪರೆಯ ವಾರಸುದಾರರು ಯಾರು ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಇಬ್ಬರೂ ಎಂಬುದೇ. ಸ್ವಂತ ಕ್ರೋನೋಗ್ರಾಫ್ ಯಂತ್ರವನ್ನು ಬ್ರೈಟ್ಲಿಂಗ್ ತಂದದ್ದು 2009ರಲ್ಲಿ, ಬಿ01 ಎಂಬ ಹೆಸರಿನಲ್ಲಿ.

ಹಳೆಯದು ಬೇಡ, ಹಳೆಯದರಂತಿರುವುದು ಬೇಕು ಎನ್ನುವವರಿಗೆ ಕಂಪನಿ 2019ರಲ್ಲಿ 806ರ 1959ನೇ ಇಸವಿಯ ರೂಪವನ್ನು ಮರಳಿ ತಯಾರಿಸಿ 1,959 ಪ್ರತಿಗಳನ್ನು ಮಾರಿತು. 40.9 ಮಿಲಿಮೀಟರ್ ಕೇಸು, ಮಣಿಗಳ ಬೆಜೆಲ್, ಅಕ್ರಿಲಿಕ್ ಗಾಜು, ಬಿ01ರಿಂದ ಪಡೆದ ಕೀ ಕೊಡುವ ಬಿ09 ಯಂತ್ರ, 70 ಗಂಟೆಯ ನಡಿಗೆ. ಅಂಗಡಿಯಲ್ಲಿ ಕೈಗೆ ಕಟ್ಟಿ ನೋಡಿದಾಗ ನನಗೆ ಅದರಲ್ಲಿ ತಪ್ಪು ಹುಡುಕುವುದೇ ಕಷ್ಟವಾಯಿತು. ಮುಳ್ಳುಗಳ ಮೇಲೆ ಹೊಳೆಯುವ ಲೇಪಕ್ಕೆ ವಯಸ್ಸಾದಂತೆ ಕಾಣುವ ಕಂದುಬಣ್ಣ ಹಚ್ಚಿದ್ದು ಮಾತ್ರ ಹಿಡಿಸಲಿಲ್ಲ. ಹೊಸ ವಾಚು ಹೊಸದಾಗಿಯೇ ಕಾಣಲಿ. ದಿನವೂ ಕಟ್ಟಿಕೊಳ್ಳುವುದು ಉದ್ದೇಶವಾಗಿದ್ದರೆ ಅದೇ ಒಳ್ಳೆಯ ಆಯ್ಕೆ.

ಹಳೆಯ 806 ಅನ್ನೇ ಹುಡುಕುವವರು ಮೊದಲು ನೋಡಬೇಕಾದದ್ದು ಡಯಲ್, ಯಂತ್ರವಲ್ಲ. ಯಂತ್ರವನ್ನು ಬಲ್ಲ ರಿಪೇರಿಯವರು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಸರಿಪಡಿಸಬಲ್ಲರು, ವೀನಸ್ 178ರ ಬಿಡಿಭಾಗಗಳು ಹಳೆಯ ಯಂತ್ರಗಳಿಂದ ಸಿಗುತ್ತವೆ. ಮತ್ತೆ ಬಣ್ಣ ಬಳಿಸಿದ ಡಯಲ್‌ಗೆ ಮಾತ್ರ ಮದ್ದಿಲ್ಲ. ಭೂತಗನ್ನಡಿ ಹಿಡಿದು ಒಳ ಬಳೆಯ ಅಂಕಿಗಳನ್ನು ನೋಡಿ: ಮೂಲ ಮುದ್ರಣದಲ್ಲಿ 6, 8 ಮುಂತಾದ ಅಂಕಿಗಳ ಹೊಟ್ಟೆ ತೆರೆದಿರುತ್ತದೆ, ಗೆರೆಗಳ ತುದಿ ಚೂಪಾಗಿರುತ್ತದೆ, ಮತ್ತೆ ಮುದ್ರಿಸಿದ್ದರಲ್ಲಿ ಶಾಯಿ ಹಬ್ಬಿ ಅವು ಮುಚ್ಚಿಕೊಂಡಿರುತ್ತವೆ. ಹೊರ ಬಳೆ ಮತ್ತು ಒಳ ಬಳೆ ಒಂದೇ ಕಾಲದವೇ ಎಂದು ತಿಳಿಯಲು ಹೊರಗಿನ 10 ಅನ್ನು ಒಳಗಿನ 10ರ ಎದುರಿಗೆ ನಿಲ್ಲಿಸಿ, ಸುತ್ತಲೂ ಎಲ್ಲ ಗೆರೆಗಳೂ ಎದುರುಬದುರು ಕೂಡುತ್ತವೆಯೇ ಎಂದು ಪರೀಕ್ಷಿಸಬಹುದು. ಒಂದು ಕಡೆ ಕೂಡಿ ಇನ್ನೊಂದು ಕಡೆ ತಪ್ಪಿದರೆ ಬಳೆಯನ್ನು ಎಲ್ಲಿಂದಲೋ ತಂದು ಸೇರಿಸಿರಬಹುದು, ಮತ್ತು ಅಂಥ ವಾಚಿನಲ್ಲಿ ಲೆಕ್ಕವೂ ಸರಿಬರುವುದಿಲ್ಲ.

ಮುಚ್ಚಳದ ಹೊರಮೈ ಮೇಲೆ 806 ಮತ್ತು ಸೀರಿಯಲ್ ಸಂಖ್ಯೆ ಕೆತ್ತಿರುತ್ತಾರೆ; ಅತಿಯಾಗಿ ಪಾಲಿಷ್ ಮಾಡಿದವುಗಳಲ್ಲಿ ಅದು ಮಸುಕಾಗಿರುತ್ತದೆ, ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು. ಸೀರಿಯಲ್ ಸಂಖ್ಯೆ ಹೇಳುವ ವರ್ಷಕ್ಕೂ ಡಯಲ್ಲಿನ ಶೈಲಿಗೂ ತಾಳೆಯಾಗಬೇಕು: 1950ರ ದಶಕದ ಸಂಖ್ಯೆಯ ಕೇಸಿನಲ್ಲಿ ಬಿಳಿಯ ಪುಟ್ಟ ಡಯಲ್‌ಗಳಿದ್ದರೆ ಎಲ್ಲೋ ಕೈಯಾಡಿದೆ ಎಂದರ್ಥ. ಅಮೆರಿಕಕ್ಕೆ ಹೋದ ಪ್ರತಿಗಳ ಯಂತ್ರದ ಮೇಲೆ ‘ಡಬ್ಲ್ಯೂಒಜಿ’ ಎಂಬ ಆಮದು ಸಂಕೇತ ಇರುತ್ತದೆ. 1960ರ ಆಸುಪಾಸಿನ ಈ ವಾಚುಗಳ ಮುಳ್ಳು ಮತ್ತು ಅಂಕಿಗಳ ಮೇಲಿನ ಹೊಳಪಿನ ಲೇಪ ರೇಡಿಯಂ ಆಗಿರುವುದರಿಂದ ಮನೆಯಲ್ಲಿ ಗಾಜು ತೆಗೆಯುವ ಸಾಹಸ ಬೇಡ. ಹೊಳಪು ಎಂದೋ ಸತ್ತಿದ್ದರೂ ರೇಡಿಯಂ ಸಾವಿರದ ಆರುನೂರು ವರ್ಷಕ್ಕೆ ಅರ್ಧವಾಗುವ ಪದಾರ್ಥ, ಉದುರಿದ ಅದರ ಪುಡಿ ಉಸಿರಿನೊಳಗೆ ಹೋಗಬಾರದು. ಮಾರುವವರು ದೂರದಲ್ಲಿದ್ದರೆ ಒಂದು ವಿಡಿಯೊ ಕೇಳಿ: ಕ್ರೋನೋಗ್ರಾಫ್ ಓಡಿಸಿ, ನಿಮಿಷದ ಪುಟ್ಟ ಮುಳ್ಳು ಒಂದು ಮನೆ ಮುಂದಕ್ಕೆ ಹೋಗುವವರೆಗೆ ಕಾದು, ನಿಲ್ಲಿಸಿ, ಸೊನ್ನೆಗೆ ತರಬೇಕು. ಮೂರು ಮುಳ್ಳುಗಳೂ ಒಟ್ಟಿಗೆ ನೇರ ಸೊನ್ನೆಗೆ ಬಂದು ನಿಂತರೆ ಮಾತು ಮುಂದುವರಿಸಬಹುದು. ಉದ್ದನೆಯ ಮುಳ್ಳು ಒಂದು ಗೆರೆ ಆಚೀಚೆ ನಿಂತರೆ ರಿಪೇರಿಯ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು.